ಹಾಸಿಗೆಯ ಮೇಲೆ ಉಚ್ಚೆ, ಬಾಯಿತುಂಬ ನೊರೆ
ಸಾಕುಪ್ರಾಣಿಗಳ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯಲ್ಲಿ ಮೂರು ಬೆಕ್ಕುಗಳಿವೆ, ಮೂರಕ್ಕೂ ಸೇರಿ ಒಂದೇ ಲಿಟರ್ ಬಾಕ್ಸ್ (ಬೆಕ್ಕಿನ ಉಚ್ಚೆ, ಮಲಕ್ಕೆಂದು ಮರಳಿನಂಥ ಲಿಟರ್ ಹರಡಿಡುವ ಟ್ರೇ). ಎರಡು ತಿಂಗಳಿಂದ ಗಂಡುಬೆಕ್ಕು ನಮ್ಮ ಹಾಸಿಗೆಯ ಮೇಲೆಯೇ ಉಚ್ಚೆ ಹೊಯ್ಯುತ್ತಿದೆ. ಬೈದದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದೆ ಎಂದು ಮನೆಯವರ ವಾದ. ಫಿನಾಯಿಲ್ ಹಾಕಿ ಒರೆಸಿದರೂ ಮತ್ತೆ ಅದೇ ಜಾಗ. ಏನು ಮಾಡುವುದು?

ಉತ್ತರ: ಸೇಡು, ಹಟ, ಹೊಟ್ಟೆಕಿಚ್ಚು ಇವೆಲ್ಲ ನಾವು ಬೆಕ್ಕಿನ ತಲೆಗೆ ಕಟ್ಟುವ ಆರೋಪಗಳು. ಹಾಸಿಗೆ ಮೆತ್ತಗಿದೆ, ಒಣಗಿದೆ, ಅಲ್ಲಿ ನಿಮ್ಮ ವಾಸನೆ ಇದೆ. ಬಾಕ್ಸ್ ಹಾಗಿಲ್ಲ. ಬೆಕ್ಕಿನ ಲೆಕ್ಕ ಇಷ್ಟೇ.

ಬಾಕ್ಸಿನ ವಿಚಾರಕ್ಕೆ ಬರುವ ಮೊದಲು ಬೆಕ್ಕನ್ನು ಒಂದು ದಿನ ಗಮನಿಸಿ ನೋಡಿ. ಮತ್ತೆ ಮತ್ತೆ ಕುಕ್ಕರಿಸಿ ಕೂತು ತಿಣುಕುತ್ತಿದೆಯೇ? ಬರುವುದು ನಾಲ್ಕೇ ಹನಿಯೇ, ಅದರಲ್ಲಿ ರಕ್ತವಿದೆಯೇ? ಕೂಗುತ್ತ ಜನನಾಂಗವನ್ನೇ ನೆಕ್ಕುತ್ತಿದೆಯೇ? ಗಂಡುಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳು ಅಥವಾ ಲೋಳೆ ಸಿಕ್ಕಿಕೊಂಡು ಅದು ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದೊಳಗೆ ಹೃದಯವೇ ನಿಲ್ಲಬಹುದು. ಉಚ್ಚೆ ಬರುತ್ತಲೇ ಇಲ್ಲ ಅನ್ನಿಸಿದರೆ ಬೆಳಗಿನವರೆಗೆ ಕಾಯಬೇಡಿ, ರಾತ್ರಿಯಾದರೂ ಪಶುವೈದ್ಯರ ಬಳಿ ಒಯ್ಯಿರಿ. ಎಷ್ಟೋ ಮನೆಗಳಲ್ಲಿ ಇದನ್ನು ಮಲಬದ್ಧತೆ ಎಂದುಕೊಂಡು ಹೊತ್ತು ಕಳೆಯುತ್ತಾರೆ. ಕಟ್ಟಿಕೊಂಡಿಲ್ಲದಿದ್ದರೂ ಮೂತ್ರದ ಪರೀಕ್ಷೆ ಒಮ್ಮೆ ಆಗಲಿ. ಉರಿಮೂತ್ರವಿದ್ದ ಬೆಕ್ಕು ಆ ನೋವಿಗೆ ಬಾಕ್ಸನ್ನೇ ಕಾರಣ ಮಾಡಿ ಅದರಿಂದ ದೂರವಾಗುತ್ತದೆ.

ಅಲ್ಲಿ ತೊಂದರೆ ಕಾಣದಿದ್ದರೆ ಬಾಕ್ಸಿನ ಕಡೆ ಬನ್ನಿ. ಬೆಕ್ಕುಗಳ ಸಂಖ್ಯೆಗೆ ಒಂದು ಸೇರಿಸಿ: ಮೂರು ಬೆಕ್ಕಿಗೆ ನಾಲ್ಕು ಬಾಕ್ಸ್. ನಾಲ್ಕನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಪಾಲಿಗೆ ಅದು ಒಂದೇ ಬಾಕ್ಸ್. ಜೋರಿನ ಬೆಕ್ಕೊಂದು ದಾರಿಗೆ ಅಡ್ಡ ಮಲಗಿದರೆ ಸಾಕು, ಸಾಧು ಬೆಕ್ಕು ಆ ಕಡೆ ಸುಳಿಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಜಗಳವೆಂದೇ ಕಾಣದು, ಬೆಕ್ಕು ಸುಮ್ಮನೆ ಮಲಗಿದೆ ಅನ್ನಿಸುತ್ತದೆ. ಹಾಗಾಗಿ ಬೇರೆ ಬೇರೆ ಕೋಣೆಗಳಲ್ಲಿಡಿ, ಊಟದ ತಟ್ಟೆಯಿಂದಲೂ ವಾಷಿಂಗ್ ಮಷಿನ್ನಿನ ಸದ್ದಿನಿಂದಲೂ ದೂರ ಇರಲಿ.

ಬಾಕ್ಸಿನ ಉದ್ದ, ಮೂಗಿನಿಂದ ಬಾಲದ ಬುಡದವರೆಗಿನ ಬೆಕ್ಕಿನ ಉದ್ದದ ಒಂದೂವರೆಪಟ್ಟು ಇರಬೇಕು. ಅಂಗಡಿಯಲ್ಲಿ ಬೆಕ್ಕಿನದೆಂದೇ ಮಾರುವ ಟ್ರೇಗಳಲ್ಲಿ ಹೆಚ್ಚಿನವು ಮರಿಗೆ ಸರಿ, ದೊಡ್ಡ ಬೆಕ್ಕಿಗೆ ಸಾಲವು. ಬಟ್ಟೆ ತುಂಬಿಡುವ 60 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ನೆಲದಿಂದ 10–12 ಸೆಂ.ಮೀ. ಬಿಟ್ಟು ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿದರೆ ಅದಕ್ಕಿಂತ ಒಳ್ಳೆಯ ಬಾಕ್ಸ್ ಇಲ್ಲ. ಸಣ್ಣ ಹರಳಿನ, ವಾಸನೆ ಹಾಕದ ಲಿಟರ್ 5ರಿಂದ 7 ಸೆಂ.ಮೀ. ದಪ್ಪ ಹರಡಿ. ದಿನಕ್ಕೆರಡು ಬಾರಿ ಮಲವನ್ನೂ ಉಚ್ಚೆ ಹೀರಿ ಗಟ್ಟಿಯಾದ ಲಿಟರನ್ನೂ ತೆಗೆಯಿರಿ, ತೆಗೆದಷ್ಟು ಹೊಸದು ಸುರಿಯಿರಿ. ವಾರ ಎರಡು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಬಿಸಿನೀರು, ಸಾದಾ ಸೋಪಿನಲ್ಲಿ ತೊಳೆದು ಒಣಗಿಸಿ. ಹೂವಿನ ಪರಿಮಳದ ಲಿಟರ್ ನಿಮ್ಮ ಮೂಗಿಗಾಗಿ ಮಾಡಿದ್ದು, ಬೆಕ್ಕಿನ ಮೂಗಿಗಲ್ಲ.

ಇನ್ನು ಫಿನಾಯಿಲ್. ಅದನ್ನು ಇವತ್ತೇ ನಿಲ್ಲಿಸಿ. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಇಂಥ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ವಿಷ ಹೊಟ್ಟೆಗೆ ಸೇರಿತು. ಬ್ಲೀಚ್ ಕೂಡ ಬೇಡ, ಉಚ್ಚೆಯ ಅಮೋನಿಯಾದೊಂದಿಗೆ ಸೇರಿ ಉಸಿರಿಗೆ ಕೆಟ್ಟದಾದ ಅನಿಲ ಹುಟ್ಟಿಸುತ್ತದೆ. ಉಚ್ಚೆಯಲ್ಲಿರುವ ಯೂರಿಕ್ ಆಮ್ಲದ ಹರಳು ನೀರಿಗೂ ಸೋಪಿಗೂ ಸುಲಭಕ್ಕೆ ಬಿಡುವುದಿಲ್ಲ, ಸೆಖೆ ಬಂದಾಗ ಮತ್ತೆ ನಾರುತ್ತದೆ. ಇದಕ್ಕೆ ಆ ಹರಳನ್ನು ಒಡೆಯುವ ಎಂಜೈಮ್ ಕ್ಲೀನರ್ ಬೇಕು. ಮೊದಲು ಹಳೆಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಮೇಲೆ ಅಂಗೈಯಷ್ಟು ಕಲೆ ಕಂಡರೆ ಹಾಸಿಗೆಯ ಒಳಗೆ ಅದು ತಟ್ಟೆಯಷ್ಟು ಹರಡಿರುತ್ತದೆ, ಆದ್ದರಿಂದ ಕಲೆಯ ಎರಡರಷ್ಟು ಅಗಲಕ್ಕೆ, ಉಚ್ಚೆ ಇಳಿದಷ್ಟೇ ಆಳಕ್ಕೆ ದ್ರವ ಇಳಿಯಬೇಕು. ಶೀಶೆಯ ಮೇಲೆ ಬರೆದಷ್ಟು ಹೊತ್ತು ಹಸಿಯಾಗಿಯೇ ಬಿಟ್ಟು, ತಾನಾಗಿ ಆರಲಿ. ಅದಕ್ಕೂ ಮುನ್ನ ಬೇರೆ ಕ್ಲೀನರ್ ಸುರಿದಿದ್ದರೆ ಎಂಜೈಮ್ ಕೆಲಸ ಮಾಡದೆ ಹೋಗಬಹುದು, ನೀರಲ್ಲಿ ತೊಳೆದು ಹಿಂಡಿ ಶುರುಮಾಡಿ. ಬಾಕ್ಸುಗಳು ರೂಢಿಯಾಗುವ ತನಕ ಮಲಗುವ ಕೋಣೆಯ ಬಾಗಿಲು ಮುಚ್ಚಿರಲಿ.

ಪ್ರಶ್ನೆ: ಬೆಕ್ಕಿಗೆ ಹತ್ತು ದಿನ ಮಾತ್ರೆ ಕೊಡಬೇಕಾಗಿದೆ. ಬಾಯಿಗೆ ಹಾಕಿದರೆ ನೊರೆ ನೊರೆಯಾಗಿ ಉಗಿಯುತ್ತದೆ. ವಿಷವೇರಿತೇನೋ ಎಂದು ಭಯವಾಗುತ್ತದೆ.

ಉತ್ತರ: ಉಗಿದ ಕೂಡಲೇ ಬರುವ ನೊರೆ ಕಹಿಗೆ ಬಂದ ಜೊಲ್ಲು. ಕೆಲವು ನಿಮಿಷದಲ್ಲಿ ನಿಲ್ಲುತ್ತದೆ.

ಬೆಕ್ಕನ್ನು ಮೇಜಿನ ಮೇಲೆ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂರಿಸಿ. ಕೈಕಾಲು ಆಡಿಸುವ ಬೆಕ್ಕಾದರೆ ಟವೆಲಿನಲ್ಲಿ ಕತ್ತಿನವರೆಗೆ ಸುತ್ತಿ. ಎಡಗೈಯಿಂದ ತಲೆಯನ್ನು ಮೇಲಿನಿಂದ ಹಿಡಿಯಿರಿ, ಹೆಬ್ಬೆರಳು ಒಂದು ಕೆನ್ನೆಯ ಮೂಳೆಗೆ, ಉಳಿದ ಬೆರಳು ಇನ್ನೊಂದಕ್ಕೆ. ಮೂಗು ಮೇಲಕ್ಕೆ ತಿರುಗಿಸಿದರೆ ದವಡೆ ತಾನೇ ಸಡಿಲವಾಗುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳಲ್ಲಿ ಮಾತ್ರೆ, ನಡುಬೆರಳಿನಿಂದ ಕೆಳಗಿನ ಮುಂಬಲ್ಲು ಒತ್ತಿ ಬಾಯಿ ತೆರೆಸಿ. ಮಾತ್ರೆ ನಾಲಿಗೆಯ ಬುಡದಲ್ಲಿ, ನಟ್ಟನಡುವೆ ಬೀಳಬೇಕು. ತುದಿಯಲ್ಲೋ ಪಕ್ಕದಲ್ಲೋ ಬಿದ್ದರೆ ಉಗುಳುವುದು ಖಂಡಿತ. ಬಾಯಿ ಮುಚ್ಚಿಸಿ ಗಂಟಲು ಸವರಿ. ಮೂಗು ನೆಕ್ಕಿಕೊಂಡಿತೆಂದರೆ ನುಂಗಿತು.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಪಕ್ಕದಿಂದ 5–6 ಮಿ.ಲೀ. ನೀರನ್ನು ಮೆಲ್ಲಗೆ, ನುಂಗಲು ಬಿಡುವು ಕೊಟ್ಟು ಕುಡಿಸಿ. ಒಣಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ಬಹಳ ಹೊತ್ತು ಅಂಟಿಕೊಂಡಿರುತ್ತದೆ. ಡಾಕ್ಸಿಸೈಕ್ಲಿನ್‌ನಂಥ ಔಷಧ ಅಲ್ಲಿ ಸುಟ್ಟು ಹುಣ್ಣು ಮಾಡಿ, ಅದು ಮಾಗುವಾಗ ನಾಳ ಕಿರಿದಾಗಿ, ಮುಂದೆ ತಿಂದದ್ದೆಲ್ಲ ವಾಪಸ್ ಬರಲು ಶುರುವಾಗುತ್ತದೆ. ಕಾಯಿಲೆ ವಾಸಿಯಾಗಿ ಎರಡು ವಾರದ ಮೇಲೆ ಇದು ಕಾಣಿಸುವುದರಿಂದ ಮಾತ್ರೆಯ ನೆನಪೇ ಯಾರಿಗೂ ಇರುವುದಿಲ್ಲ.

ಬಾಯಿ ಹಿಡಿಸಿಕೊಳ್ಳದ ಬೆಕ್ಕಿಗೆ ಮೆತ್ತನೆ ಆಹಾರದ ಕಡಲೆಗಾತ್ರದ ಮೂರು ಉಂಡೆ ಮಾಡಿ. ಮೊದಲನೆಯದು ಬರಿದು, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆಯೇ ಹಿಡಿದಿರಿ. ಅದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ಪುಡಿ ಮಾಡಬೇಡಿ. ಹಾಗೆಯೇ ಜ್ವರವೆಂದು ನಿಮ್ಮ ಪ್ಯಾರಾಸಿಟಮಾಲ್ ಕೊಡುವ ಯೋಚನೆ ಬಂದರೆ ಅಲ್ಲೇ ಬಿಡಿ. 4 ಕೆ.ಜಿ. ಬೆಕ್ಕಿಗೆ 500 ಮಿ.ಗ್ರಾಂ. ಮಾತ್ರೆಯ ಅರ್ಧವೇ ಪ್ರಾಣಕ್ಕೆ ಕುತ್ತು.

ಪ್ರಶ್ನೆ: ನಾಯಿಗೂ ಬೆಕ್ಕಿಗೂ ಚಿಗಟ. ನಾಯಿಯ ಬೆನ್ನಿಗೆ ಹಾಕುವ ಹನಿ ಔಷಧದಲ್ಲಿ ಸ್ವಲ್ಪವನ್ನು ಬೆಕ್ಕಿಗೂ ಹಾಕಬಹುದೇ? ನಾಯಿಗೆ ಹಾಕಿ ಮೂರು ವಾರವಾದರೂ ಚಿಗಟ ಹೋಗಿಲ್ಲ.

ಉತ್ತರ: ಹಾಕಲೇಬೇಡಿ. ನಾಯಿಯ ಹಲವು ಔಷಧಗಳಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಆಗದ ಆ ಔಷಧ ಬೆಕ್ಕಿಗೆ ನಡುಕ, ಸೆಳವು ತಂದು ಕೊಲ್ಲಬಲ್ಲದು. ಈಗಾಗಲೇ ಹಾಕಿಬಿಟ್ಟಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಒರೆಸಿ ಬೆಚ್ಚಗೆ ಸುತ್ತಿ, ಔಷಧದ ಪೊಟ್ಟಣದೊಂದಿಗೆ ಕೂಡಲೇ ವೈದ್ಯರಲ್ಲಿಗೆ ಹೋಗಿ. ಬೆಕ್ಕು ನಾಯಿಯ ಮೈಗೆ ಒರಗಿ ಮಲಗುವ ಮನೆಯಲ್ಲಿ ನಾಯಿಗೂ ಪರ್ಮೆತ್ರಿನ್ ಇಲ್ಲದ ಔಷಧವನ್ನೇ ಕೇಳಿ ಪಡೆಯುವುದು ಜಾಣತನ.

ಮೂರು ವಾರಕ್ಕೂ ಹೋಗಿಲ್ಲವೆಂದರೆ ಔಷಧ ಸೋತಿತೆಂದು ಅರ್ಥವಲ್ಲ. ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದ ಒಂದು ಚೂರು ಮಾತ್ರ. ಮೊಟ್ಟೆ, ಮರಿಹುಳು, ಅದು ಸುತ್ತಿಕೊಳ್ಳುವ ಕೋಶ (ಗೂಡು) ಎಲ್ಲ ಚಾಪೆ, ಸೋಫಾ, ನೆಲದ ಸಂದಿಯಲ್ಲಿವೆ. ಹೆಣ್ಣುಚಿಗಟ ದಿನಕ್ಕೆ 40–50 ಮೊಟ್ಟೆ ಇಡಬಲ್ಲದು. ಮೊಟ್ಟೆಗೆ ಅಂಟಿಲ್ಲದ ಕಾರಣ ಪ್ರಾಣಿ ಓಡಾಡಿದಲ್ಲೆಲ್ಲ ಉದುರುತ್ತವೆ. ಕೋಶದೊಳಗಿನ ಚಿಗಟವನ್ನು ಯಾವ ಸ್ಪ್ರೇಯೂ ಮುಟ್ಟದು, ತಿಂಗಳುಗಟ್ಟಲೆ ಕಾದು, ನೆಲದ ಅದುರು, ಮೈಶಾಖ ತಿಳಿದಾಗ ಹೊರಬರುತ್ತದೆ. ಬೀಗ ಹಾಕಿದ್ದ ಮನೆಗೆ ಮರಳಿದ ದಿನವೇ ಕಾಲು ಕಚ್ಚಿಸಿಕೊಳ್ಳುವುದು ಇದಕ್ಕೇ. ಮನೆಯ ಎಲ್ಲ ಪ್ರಾಣಿಗಳಿಗೂ ಒಂದೇ ದಿನ, ಆಯಾ ಜಾತಿಗೆ ತೂಕಕ್ಕೆ ತಕ್ಕ ಔಷಧ. ತಿಂಗಳಿಗೊಮ್ಮೆಯಂತೆ ಕಡೇಪಕ್ಷ ಮೂರು ತಿಂಗಳು ತಪ್ಪಿಸಬೇಡಿ. ಹಾಸುಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿಯಲ್ಲಿ ಒಗೆಯಿರಿ. ವ್ಯಾಕ್ಯೂಮ್ ಹಾಕಿ, ಚೀಲವನ್ನು ಆಗಲೇ ಹೊರಗೆಸೆಯಿರಿ.

ಮೈಯಲ್ಲಿ ಕರಿಪುಡಿ ಇದೆ, ಚಿಗಟ ಕಾಣದು ಎನ್ನುವವರು ಆ ಪುಡಿಯನ್ನು ಒದ್ದೆ ಬಿಳಿಕಾಗದದ ಮೇಲೆ ಉದುರಿಸಿ ನೋಡಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ಬೆಕ್ಕಿನದೇ ರಕ್ತ. ಗುದದ ಬಳಿ ಅಕ್ಕಿಕಾಳಿನಂಥದು ಅಂಟಿದ್ದರೆ ಲಾಡಿಹುಳು. ಮೈ ನೆಕ್ಕುವಾಗ ಚಿಗಟ ನುಂಗಿ ಬರುವಂಥದು, ಅದಕ್ಕೆ ಬೇರೆ ಔಷಧ ಬೇಕು.

ಪ್ರಶ್ನೆ: ಮಗಳು ಗರ್ಭಿಣಿ. ಬೆಕ್ಕನ್ನು ಎಲ್ಲಾದರೂ ಬಿಟ್ಟುಬನ್ನಿ ಎಂದು ಹಿರಿಯರು ಹೇಳುತ್ತಿದ್ದಾರೆ.

ಉತ್ತರ: ಬಿಡಬೇಕಾಗಿಲ್ಲ. ಹಿರಿಯರ ಭಯ ಗರ್ಭದ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯದು. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗಲಿದಾಗ ಮಾತ್ರ, ಒಂದರಿಂದ ಮೂರು ವಾರ, ಮಲದಲ್ಲಿ ಅದನ್ನು ಹೊರಹಾಕುತ್ತದೆ. ಹೊರಬಿದ್ದದ್ದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನವೂ ತೆಗೆಯುವ ಬಾಕ್ಸಿನಲ್ಲಿ ಅಪಾಯ ಬಲಿಯುವುದೇ ಇಲ್ಲ. ಆ ಕೆಲಸ ಮನೆಯ ಬೇರೆಯವರು ಮಾಡಲಿ, ಬೇರೆ ಗತಿಯಿಲ್ಲದಿದ್ದರೆ ಕೈಗವಸು ಹಾಕಿ, ಆಮೇಲೆ ಸೋಪು ಹಚ್ಚಿ ಕೈತೊಳೆದರಾಯಿತು. ಬೆಕ್ಕಿಗೆ ಹಸಿಮಾಂಸ ಬೇಡ, ಬೇಟೆಗೆ ಬಿಡಬೇಡಿ. ಅರೆಬೆಂದ ಮಾಂಸ, ತೊಳೆಯದ ತರಕಾರಿ, ಬರಿಗೈಯಲ್ಲಿ ತೋಟದ ಮಣ್ಣು ಕೆದಕುವುದು, ಇವುಗಳ ಮೇಲೆ ನಿಗಾ ಇರಲಿ. ಸೋಂಕು ಈ ದಾರಿಗಳಿಂದಲೂ ಬರುತ್ತದೆ, ಬೆಕ್ಕೇ ಇಲ್ಲದ ಮನೆಗೂ ಬರುತ್ತದೆ.

ಪ್ರಶ್ನೆ: ಬೆಕ್ಕು ಗಿಳಿಯನ್ನು ಹಿಡಿಯಿತು, ಬಿಡಿಸಿದೆವು. ಚಿಕ್ಕ ಗೀರು ಬಿಟ್ಟರೆ ಗಿಳಿ ಚೆನ್ನಾಗಿದೆ. ಕಾದು ನೋಡಬಹುದೇ?

ಉತ್ತರ: ಬೇಡ, ಇವತ್ತೇ ವೈದ್ಯರಿಗೆ ತೋರಿಸಿ. ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಮುಗಿಸಿಬಿಡುತ್ತದೆ. ಆಂಟಿಬಯೋಟಿಕ್ ಬೇಗ ಶುರುವಾಗಬೇಕು. ಕಾಯಿಲೆಯನ್ನು ಮರೆಮಾಚುವುದು ಹಕ್ಕಿಗಳ ಗುಣ, "ಚೆನ್ನಾಗಿದೆ" ಎಂಬ ನೋಟವನ್ನು ನಂಬಬೇಡಿ.

ಪ್ರಶ್ನೆ: ಆಹಾರ ಬದಲಿಸಿದೆವು. ದಪ್ಪ ಬೆಕ್ಕು ಎರಡು ದಿನದಿಂದ ಮುಟ್ಟಿಲ್ಲ. ಹಸಿದರೆ ತಿನ್ನುತ್ತದಲ್ಲವೇ?

ಉತ್ತರ: ನಾಯಿಯ ವಿಷಯದಲ್ಲಿ ನಡೆಯುವ ಈ ಮಾತು ಬೆಕ್ಕಿಗೆ ಸಲ್ಲದು. ದಪ್ಪ ಬೆಕ್ಕು ಉಪವಾಸ ಬಿದ್ದರೆ ಮೈಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಕೆಲವೇ ದಿನದಲ್ಲಿ ಕಾಮಾಲೆಯಾಗುತ್ತದೆ. ಈಗಲೇ ಹಳೆಯ ಆಹಾರ ಇಡಿ. ಅದನ್ನೂ ತಿನ್ನದಿದ್ದರೆ ವೈದ್ಯರಲ್ಲಿಗೆ. ಹೊಸದನ್ನು ಹಳೆಯದರಲ್ಲಿ ಕಾಲುಭಾಗದಿಂದ ಬೆರೆಸುತ್ತ 7–10 ದಿನದಲ್ಲಿ ಬದಲಿಸಿ.

ಪ್ರಶ್ನೆ: ಹೇಳಲು ನಾಚಿಕೆ. ನಮ್ಮ ನಾಯಿ ಬೆಕ್ಕಿನ ಬಾಕ್ಸಿಗೆ ಬಾಯಿ ಹಾಕುತ್ತದೆ!

ಉತ್ತರ: ನಾಚಿಕೆ ಬೇಡ, ಬಹಳ ಮನೆಗಳ ಕಥೆ ಇದು. ಬೆಕ್ಕಿನ ಆಹಾರದಲ್ಲಿ ಪ್ರೋಟೀನು, ಕೊಬ್ಬು ಜಾಸ್ತಿ, ಅದರ ವಾಸನೆ ಮಲದಲ್ಲೂ ಉಳಿದು ನಾಯಿಗೆ ತಿಂಡಿಯಂತೆ ಕಾಣುತ್ತದೆ. ಜಂತುಹುಳು ಬರುವುದಲ್ಲದೆ, ಗಟ್ಟಿಯಾಗುವ ಲಿಟರ್ ಹೊಟ್ಟೆಗೆ ಹೋದರೆ ಕರುಳು ಕಟ್ಟಬಹುದು. ಬಾಕ್ಸಿರುವ ಕೋಣೆಯ ಬಾಗಿಲನ್ನು ಬೆಕ್ಕು ನುಸುಳುವಷ್ಟು, ಸುಮಾರು 12 ಸೆಂ.ಮೀ. ಸಂದಿ ಬಿಟ್ಟು ಸರಪಳಿ ಹಾಕಿ. ಪುಟ್ಟ ನಾಯಿಯಾದರೆ ಅದೂ ಸಂದಿಯಲ್ಲಿ ನುಗ್ಗುತ್ತದೆ, ಆಗ ಬಾಕ್ಸನ್ನು ಗಟ್ಟಿಯಾದ ಮೇಜಿನ ಮೇಲೇರಿಸಿ. ಬೆಕ್ಕು ಮುದಿಯಾಗಿದ್ದರೆ ಹತ್ತಲು ನಡುವೆ ಒಂದು ಸ್ಟೂಲು ಇಡಿ.