ಮಾವನ ಫೋನಿಗೆ ಬರುವ ಓಟಿಪಿ

ನೀನು ಕೇಳಿದ ಮಾತು ಮೂರು ದಿನದಿಂದ ತಲೆಯಲ್ಲೇ ಕೂತಿದೆ. "ನಿಮಗೆ 371ಜೆ ಇದೆಯಲ್ಲ, ಸರ್ಕಾರ ಎಲ್ಲಾ ಕೊಡುತ್ತೆ. ಕೊನೇ ವರ್ಷಕ್ಕೆ ಬಂದು ಫೀಸಿಗೆ ಯಾಕೆ ಒದ್ದಾಡ್ತಿದ್ದೀಯ? ಅಷ್ಟಕ್ಕೂ ನೀವು ಅರ್ಧ ತೆಲುಗಿನವರಲ್ವಾ?" ಕೆಟ್ಟ ಮನಸ್ಸಿನಿಂದ ಕೇಳಿಲ್ಲ ಅಂತ ಗೊತ್ತು. ಹಾಸನದಿಂದ ನೋಡಿದರೆ ರಾಯಚೂರು ಹಾಗೆ ಕಾಣಬಹುದು. ಫೋನಿನಲ್ಲಿ ಮಾತಾಡಿದರೆ ಜಗಳ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

371ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದಲ್ಲಿರುವ ವಿಶೇಷ ವಿಧಿ. ಅದು ಇರುವುದು ಸೀಟಿಗೆ ಮತ್ತು ನೌಕರಿಗೆ. ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ನಮ್ಮವರಿಗೆ, ರಾಜ್ಯದ ಬೇರೆ ಕಡೆ ಶೇ 8. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು ಅದು. ಅದಕ್ಕಾಗಿ ನಮ್ಮ ಹಿರಿಯರು ವರ್ಷಗಟ್ಟಲೆ ಬೀದಿಗಿಳಿದಿದ್ದಾರೆ, ಹಾಗಾಗಿ ಅದನ್ನು ಯಾರಾದರೂ ಹಗುರ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಆದರೆ ಅದರಿಂದ ಯಾರ ಫೀಸೂ ತುಂಬುವುದಿಲ್ಲ. ಫೀಸಿಗೆ ನಿನಗೆ ಯಾವ ದಾರಿಯೋ ನನಗೂ ಅದೇ ದಾರಿ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ಲಿನಲ್ಲಿ ಹಾಕುವ ಅದೇ ಎಸ್‌ಎಸ್‌ಪಿ ಅರ್ಜಿ, ಅದೇ ಶುಲ್ಕ ವಿನಾಯಿತಿ, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ಕೊಡುವ ಅದೇ ವಿದ್ಯಾಸಿರಿ. ಆ ದುಡ್ಡಿನಲ್ಲೇ ನನ್ನ ರೂಮಿನ ಬಾಡಿಗೆ, ಜೋಳದ ಹಿಟ್ಟು, ಬಸ್ಸಿನ ಖರ್ಚು ಎಲ್ಲಾ ನಡೆಯಬೇಕು.

ಜಾತಿ, ಆದಾಯದ ಸರ್ಟಿಫಿಕೇಟು ನಾಡಕಚೇರಿಯಲ್ಲಿ ಸಿಗುತ್ತದೆ. ಅದೇನೂ ದೊಡ್ಡ ತಲೆನೋವಲ್ಲ. ನನ್ನ ತಲೆನೋವು ನನ್ನ ಹೆಸರು.

ಅವ್ವನ ತವರು ಗದ್ವಾಲದ ಹತ್ತಿರ ಒಂದು ಹಳ್ಳಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು, ನಾನು ಅಲ್ಲೇ ಹುಟ್ಟಿದೆ. ಆಗ ಅದು ಆಂಧ್ರ, ಮಹಬೂಬನಗರ ಜಿಲ್ಲೆ. 2014ರಲ್ಲಿ ತೆಲಂಗಾಣ ಆಯಿತು, 2016ರಲ್ಲಿ ಗದ್ವಾಲವೇ ಒಂದು ಜಿಲ್ಲೆ ಆಯಿತು. ನಾನು ಹುಟ್ಟಿದ ಮನೆ ಮಾತ್ರ ಇದ್ದಲ್ಲೇ ಇದೆ. ಒಂದು ಬೇಸಿಗೆ ರಜೆಯಲ್ಲಿ ಆ ಊರಿಗೆ ಆಧಾರ್ ಮಾಡುವವರು ಬಂದಿದ್ದರು. ಅಜ್ಜಿ ಮನೆಯ ಮಕ್ಕಳನ್ನೆಲ್ಲಾ ಸಾಲಾಗಿ ಕೂರಿಸಿದಳು, ನನ್ನನ್ನೂ ಕೂರಿಸಿದಳು. ಆ ಕಡೆ ಮನೆತನದ ಹೆಸರು ಮೊದಲು ಬರುತ್ತದೆ, ಇಂಟಿಪೇರು ಅನ್ನುತ್ತಾರೆ. ಹಾಗೆ ನನ್ನ ಹೆಸರಿನ ಮುಂದೆ ಅಜ್ಜಿಯ ಮನೆತನದ ಹೆಸರು ಕೂತಿತು. ಕಾರ್ಡು ತೆಲುಗು ಅಕ್ಷರದಲ್ಲಿ ಬಂತು. ಅದಕ್ಕೆ ಕೊಟ್ಟ ಫೋನ್ ನಂಬರು ಸೋದರಮಾವನದು. ಇಲ್ಲಿ ಶಾಲೆಯಲ್ಲಿ ಅಪ್ಪ ಬರೆಸಿದ್ದು ಬರೀ "ಸಾವಿತ್ರಿ", ಪಕ್ಕದಲ್ಲಿ ಅಪ್ಪನ ಹೆಸರು. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲೂ ಅದೇ ಇದೆ.

ಅಂದರೆ ಕಾಗದದ ಮೇಲೆ ನಾವು ಇಬ್ಬರು ಹುಡುಗಿಯರು. ಸ್ಕಾಲರ್‌ಶಿಪ್ ಅರ್ಜಿಗೆ ಇಬ್ಬರೂ ಒಂದೇ ಆಗಿರಬೇಕು.

ಮೊದಲ ವರ್ಷ ಹೇಗೋ ದುಡ್ಡು ಬಂತು. ಎರಡನೇ ವರ್ಷ "ಹೆಸರು ಹೊಂದುತ್ತಿಲ್ಲ" ಅಂತ ನಿಂತಿತು. ಕಾಲೇಜಿನಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗು ಅಂದರು. ಬ್ಯಾಂಕಿನಲ್ಲಿ ಆಧಾರ್ ಸೆಂಟರಿಗೆ ಹೋಗು ಅಂದರು. ಒಂದು ಕಚೇರಿಯಲ್ಲಿ ತೆಲುಗು ಅಕ್ಷರ ನೋಡಿದ ಕೂಡಲೇ, "ಆ ಕಡೆಯವರು ಇಲ್ಲಿ ಯಾಕಮ್ಮ ಅರ್ಜಿ ಹಾಕ್ತೀರಿ?" ಅಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದ. ಯರಗೇರಾ ಹತ್ತಿರದ ನಮ್ಮ ಮೂರು ಎಕರೆ ಹೊಲದ ಪಹಣಿಯನ್ನು ಚೀಲದಿಂದ ತೆಗೆದು ಟೇಬಲ್ಲಿನ ಮೇಲೆ ಇಟ್ಟ. ಯಾರೂ ಕೇಳಿರಲಿಲ್ಲ. ಒಂದು ಮಾತೂ ಆಡಲಿಲ್ಲ ಅವನು, ಸುಮ್ನೆ ಇಟ್ಟ. ಆ ದಿನವನ್ನು ನಾನು ಮರೆಯುವುದಿಲ್ಲ.

ಇನ್ನು ಓಟಿಪಿ. ಆಧಾರ್‌ನಲ್ಲಿ ಮಾವನ ನಂಬರು ಇರುವುದರಿಂದ ಅದು ಅವನ ಫೋನಿಗೇ ಬರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಪಾಳಿ ಹಚ್ಚಿ, ನನ್ನ ಸರದಿ ಬಂದಾಗ ಮಾವನಿಗೆ ಫೋನ್ ಮಾಡಬೇಕು. ಮಾವ ಹತ್ತಿ ಹೊಲದಲ್ಲಿರುತ್ತಾನೆ, ಫೋನು ಬದುವಿನ ಮೇಲೆ ಇರುತ್ತದೆ. ಎತ್ತಿದರೆ ಒಂದೊಂದೇ ಅಂಕಿ ತೆಲುಗಿನಲ್ಲಿ ಓದುತ್ತಾನೆ. ನಾನು ಅದನ್ನು ಅಂಗಡಿಯವನಿಗೆ ಕನ್ನಡದಲ್ಲಿ ಹೇಳುತ್ತೇನೆ. ಅವನು ಪಕ್ಕದವನ ಜೊತೆ ಉರ್ದುವಿನಲ್ಲಿ ಮಾತಾಡುತ್ತಾ ಟೈಪ್ ಮಾಡುತ್ತಾನೆ. ಅಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಮತ್ತೆ ಮೊದಲಿಂದ. ಎಷ್ಟೋ ಸಲ ಮಾವ ಕೆಲಸ ಬಿಟ್ಟು ಅರ್ಧ ಗಂಟೆ ಫೋನ್ ಹಿಡಿದೇ ಕೂತಿದ್ದಾನೆ. ಒಂದು ದಿನವೂ ಬೇಜಾರು ಮಾಡಿಕೊಂಡಿಲ್ಲ.

"ಆಧಾರ್ ತಿದ್ದಿಸಬಾರದಾ?" ಅಂತ ನೀನು ಕೇಳುತ್ತೀಯ. ಹೆಸರು ತಿದ್ದಲು ಜೀವನದಲ್ಲಿ ಎರಡೇ ಅವಕಾಶ. ಒಂದು ಪಿಯುಸಿಯಲ್ಲೇ ಹೋಯಿತು. ಆಗ ಕೂತವರು ಇಂಗ್ಲಿಷಿನಲ್ಲಿ ಒಂದು ಎಚ್ ಅಕ್ಷರ ಸರಿ ಮಾಡಿದರು, ಮೊದಲಿರುವ ಮನೆತನದ ಹೆಸರು ಹಾಗೇ ಬಿಟ್ಟರು. ಈಗ ಉಳಿದದ್ದು ಒಂದೇ. ಅದೂ ತಪ್ಪಿದರೆ? ಆ ಭಯದಲ್ಲೇ ಒಂದು ವರ್ಷ ಕಳೆದೆ.

ಭಯಕ್ಕಿಂತ ಜಾಸ್ತಿ ಅಜ್ಜಿ. ಹೆಸರು ತೆಗೆಸುತ್ತೇನೆ ಅಂದಾಗ ಅವಳು, "ನಮ್ಮ ಮನಿ ಹೆಸರು ನಿನಗ ಅಷ್ಟು ಭಾರ ಆತೇನವ್ವ?" ಅಂದಳು. ತೆಲುಗಿನಲ್ಲಿ ಅಲ್ಲ, ಕನ್ನಡದಲ್ಲೇ. ಯಾಕೆ ಗೊತ್ತಾ? ಗದ್ವಾಲ, ಆಲಂಪುರ ಎರಡೂ ತಾಲ್ಲೂಕು ನಿಜಾಮರ ಕಾಲದಿಂದ 1956ರ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳನ್ನು ಭಾಷೆ ನೋಡಿ ವಿಂಗಡಿಸಿದಾಗ ಅವು ಆ ಕಡೆ ಹೋದವು, ನಾವು ಈ ಕಡೆ ಬಂದೆವು. ಹೆಣ್ಣು ಕೊಡುವುದು ತರುವುದು ನಿಲ್ಲಲಿಲ್ಲ. ಹಾಗಾಗಿ ಅರ್ಧ ತೆಲುಗಿನವರಾ ಅಂತ ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದು: ನಾನು ಪೂರ್ತಿ ರಾಯಚೂರಿನವಳು. ನನ್ನ ಅಜ್ಜಿಯೂ ಹುಟ್ಟಿದ್ದು ರಾಯಚೂರು ಜಿಲ್ಲೆಯಲ್ಲೇ. ಎರಡು ಭಾಷೆ ಬರುವುದು ನಮ್ಮ ಮನೆಯಲ್ಲಿ ಎರಡು ಬಾಗಿಲು ಇದ್ದ ಹಾಗೆ. ಅದನ್ನು ಕೊರತೆ ಅಂತ ಎಣಿಸಬೇಡ.

ಈಗ ಆರನೇ ಸೆಮಿಸ್ಟರ್. ಎರಡು ವರ್ಷದ ದುಡ್ಡು ಬಾಕಿ ಇದೆ. ಅಪ್ಪ ಗಂಜಿನ, ಅಂದರೆ ಇಲ್ಲಿನ ಕೃಷಿ ಮಾರುಕಟ್ಟೆಯ, ದಲಾಲಿ ಅಂಗಡಿಯಲ್ಲಿ ಮುಂದಿನ ಹತ್ತಿಯ ಮೇಲೆ ಮುಂಗಡ ತಂದು ಪರೀಕ್ಷೆ ಫೀಸು ತುಂಬಿದ. ಕಾಲೇಜಿನ ಬಾಕಿ ತುಂಬದಿದ್ದರೆ ಟಿಸಿ ಕೊಡುವುದಿಲ್ಲ ಅಂದಿದ್ದಾರೆ. ಬಿ.ಇಡಿಗೆ ಸೇರಬೇಕು ನಾನು, ಟಿಸಿ ಇಲ್ಲದೆ ಆಗುವುದಿಲ್ಲ.

ಅದಕ್ಕೆ ಸೋಮವಾರ ಆಧಾರ್ ಸೆಂಟರಿಗೆ ಹೋಗುತ್ತಿದ್ದೇನೆ. ಅಂಕಪಟ್ಟಿ ತಗೊಂಡು ಹೋಗಿ, ಪ್ರತಿ ಅಕ್ಷರ ನಾನೇ ನೋಡಿ ಆಮೇಲೆ ಒಪ್ಪುತ್ತೇನೆ. ಅಜ್ಜಿಗೆ ಮತ್ತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓದು ಮುಗೀಲಿ ಮೊದಲ" ಅಂದಳು. ಅವತ್ತೇ ಫೋನ್ ನಂಬರನ್ನೂ ನನ್ನದಕ್ಕೆ ಬದಲಾಯಿಸಲು ಕೊಡುತ್ತೇನೆ. ಅದನ್ನು ಹೇಳಿದಾಗ ಮಾವ ಒಳ್ಳೇದಾಯಿತು ಅಂದ. ಆಮೇಲೆ ಫೋನ್ ಇಡುವ ಮುಂಚೆ ಕೇಳಿದ: "ಹಂಗಾದ್ರ ಇನ್ನ ಮ್ಯಾಲೆ ನನಗ ಫೋನ್ ಮಾಡಂಗಿಲ್ಲೇನವ್ವ?"