ಹನ್ನೊಂದು ಜನ ತುಂಬಿದ ಫಾರ್ಮ್

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದ ಅವರಿಗೆ ನಲವತ್ತರ ಆಸುಪಾಸು. ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರದ ಅಸಿಸ್ಟೆಂಟ್ ಪ್ರೊಫೆಸರ್. ಕೂತವರೇ ಬ್ಯಾಗಿನಿಂದ ಒಂದು ಪ್ರಿಂಟ್‌ಔಟ್ ತೆಗೆದರು. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಡಿಕೆಯ ಗೆರೆ ಹರಿಯುವ ಹಾಗಾಗಿತ್ತು. ವಿದ್ಯಾರ್ಥಿಗಳ ಫೀಡ್‌ಬ್ಯಾಕ್. 5ಕ್ಕೆ 2.9.

"ಹೆಚ್‌ಓಡಿ (ವಿಭಾಗದ ಮುಖ್ಯಸ್ಥರು) ಮೀಟಿಂಗಲ್ಲಿ ಎಲ್ಲರೆದುರು ಓದಿದ್ರು ಮೇಡಂ. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಕ್ಲಾಸಿಗೆ ಹೋದ್ರೆ, ಬರೆದವರು ಯಾರಿರಬಹುದು ಅಂತ ಮುಖ ನೋಡ್ತಾ ನಿಂತುಬಿಡ್ತೀನಿ."

ಒಂದು ಸಾಲು ಅವರಿಗೆ ಬಾಯಿಪಾಠವಾಗಿತ್ತು: "ಇವರಿಗೆ ಪಾಠ ಮಾಡೋಕೇ ಬರಲ್ಲ."

ಕ್ಲಾಸಿನಲ್ಲಿ ಎಷ್ಟು ಜನ ಅಂತ ಕೇಳಿದೆ. 62. ಫಾರ್ಮ್ ತುಂಬಿದವರು? 11. ಆ 11ರಲ್ಲಿ ಒಬ್ಬರು 4ರ ಬದಲು 1 ಒತ್ತಿದರೆ ಸರಾಸರಿ ಎಷ್ಟು ಇಳಿಯುತ್ತೆ, ನೀವೇ ಲೆಕ್ಕ ಹಾಕಿ ಅಂದೆ. ಪೆನ್ ತೆಗೆದು ಆ ಹಾಳೆಯ ಹಿಂದೆಯೇ ಬರೆದರು: 0.27. ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ನನ್ನ ಸ್ಟೂಡೆಂಟ್ ಇಷ್ಟು ಸಣ್ಣ ಸ್ಯಾಂಪಲ್ ಇಟ್ಕೊಂಡು ತೀರ್ಮಾನ ಬರೆದಿದ್ರೆ ಮಾರ್ಕ್ಸ್ ಕಳೀತಿದ್ದೆ."

ಹಾಗಂತ ಹಾಳೆ ಬಿಸಾಡಿ ಅನ್ನಲಿಲ್ಲ. ಮೂವರು ಒಂದೇ ಮಾತು ಬರೆದಿದ್ದರು: ಬೋರ್ಡ್ ಬೇಗ ಒರೆಸಿಬಿಡ್ತಾರೆ. "ಅದು ನಿಜ," ಅಂದರು ಮೆಲ್ಲಗೆ.

ನನ್ನ ಸಲಹೆ ಇಷ್ಟು. ಬೈದ ಸಾಲಿಗೆ ಉತ್ತರ ಹುಡುಕಬೇಡಿ, ಬರೆದವರನ್ನಂತೂ ಹುಡುಕಲೇಬೇಡಿ. ಬೋರ್ಡಿನ ಮಾತು ಹಿಡಿದುಕೊಳ್ಳಿ. ಸೆಮಿಸ್ಟರ್ ಮುಗಿಯೋವರೆಗೆ ಕಾಯದೆ ಹದಿನೈದು ದಿನಕ್ಕೊಮ್ಮೆ ಚೀಟಿ ಕೊಟ್ಟು, ಯಾವುದು ಅರ್ಥವಾಗಿಲ್ಲ ಅಂತ ಹೆಸರಿಲ್ಲದೆ ಬರೆಸಿ. ಹೆಚ್‌ಓಡಿಯನ್ನು ಒಬ್ಬರೇ ಇದ್ದಾಗ ಕಂಡು, ಎಲ್ಲರೆದುರು ಓದಿದ್ದು ನೋವಾಯಿತು ಅಂತ ನೇರವಾಗಿ ಹೇಳಿ. ಮುಂದಿನ ಸಲ ಅಂಕದ ಜೊತೆ ಎಷ್ಟು ಜನ ತುಂಬಿದರು ಅನ್ನೋದನ್ನೂ ಹೇಳಲು ಕೇಳಿ. ನಿದ್ದೆ ಇನ್ನೂ ಎರಡು ವಾರ ಹೀಗೇ ಕೆಟ್ಟರೆ ಡಾಕ್ಟರನ್ನು ನೋಡಲೇಬೇಕು.

ಬಡ್ತಿಯ ಭಯವೂ ಇತ್ತು. ಬಡ್ತಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮ ಬೋಧನೆಯನ್ನು ಅಳೆಯುವುದು ವಹಿಸಿದ ತರಗತಿಗಳಲ್ಲಿ ಎಷ್ಟು ತೆಗೆದುಕೊಂಡಿರಿ ಅನ್ನುವುದರ ಮೇಲೆ. ಶೇ. 80 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ 'ಉತ್ತಮ'. ಇವರು ತಪ್ಪಿಸಿದ್ದು ನಾಲ್ಕೇ ಕ್ಲಾಸು. ಆ ಅಳತೆಯೂ ಪಾಠ ಮಕ್ಕಳಿಗೆ ಮುಟ್ಟಿತಾ ಅಂತ ಹೇಳುವುದಿಲ್ಲ, ಅದು ನನಗೆ ಬೇಸರವೇ. ಆದರೆ ಆ ಹೊತ್ತಿಗೆ ಅವರ ಎದೆ ಹಗುರಾಗಬೇಕಿತ್ತು.

ಎರಡು ತಿಂಗಳ ಮೇಲೆ ಬಂದರು. ಬ್ಯಾಗಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು. "49 ಜನ ಬರೆದಿದ್ದಾರೆ ಮೇಡಂ. ಈಗ ಒರೆಸೋ ಮೊದಲು 'ಬರ್ಕೊಂಡ್ರಾ?' ಅಂತ ಕೇಳ್ತೀನಿ. ಹಿಂದಿನ ಬೆಂಚಿಂದ 'ಇನ್ನೊಂದ್ ನಿಮಿಷ ಮೇಡಂ' ಅಂತಾರೆ. ಕಾಯ್ತೀನಿ."