ಅಲಿನಾ, ಟೈಸನ್ನಾ? ಮೊದ್ಲು ಯಾವ ವರ್ಷದವ್ರು ಅಂತ ಹೇಳಿ

ಪ್ರಶ್ನೆ: ಸರ್, ನಾನು ನಮ್ಮ ಸೋದರಮಾವ ಪ್ರತಿ ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋಗ್ತೀವಿ, ಹೋದಾಗೆಲ್ಲ ಒಂದೇ ಜಗಳ. ಮೊಹಮ್ಮದ್ ಅಲಿ, ಮೈಕ್ ಟೈಸನ್ ಇಬ್ರೂ ಒಂದೇ ಬಾಕ್ಸಿಂಗ್ ರಿಂಗಿಗೆ ಇಳಿದಿದ್ರೆ ಯಾರು ಗೆಲ್ತಿದ್ರು? ಮಾವ ಅಲಿ ಅಂತಾರೆ, ನಾನು ಟೈಸನ್. ಅಲಿನ ಲ್ಯಾರಿ ಹೋಮ್ಸ್ ಹೊಡೆದ, ಆ ಹೋಮ್ಸ್‌ನ ಟೈಸನ್ ನಾಲ್ಕೇ ಸುತ್ತಲ್ಲಿ ಮಲಗಿಸಿದ, ಇನ್ನೇನು ಬೇಕು? ನೀವು ಹೇಳಿದ್ದೇ ಫೈನಲ್ ಅಂತ ಇಬ್ರೂ ಒಪ್ಕೊಂಡಿದೀವಿ, ಸೋತೋರು ಒಂದು ತಿಂಗಳು ಇಡ್ಲಿ ಬಿಲ್ ಕೊಡ್ಬೇಕು.
– ಒಬ್ಬ ಓದುಗರು, ತುಮಕೂರು

ಉತ್ತರ: ಮೊದ್ಲು ಆ ಹೋಮ್ಸ್ ಲೆಕ್ಕ ಬಿಟ್ಬಿಡಿ. 1980ರಲ್ಲಿ ಹೋಮ್ಸ್ ಕೈಲಿ ಸೋತಾಗ ಅಲಿಗೆ 38 ವರ್ಷ. 1988ರಲ್ಲಿ ಟೈಸನ್ ಕೈಲಿ ಸೋತಾಗ ಹೋಮ್ಸ್‌ಗೂ 38. ಎರಡು ಸಲನೂ ವಯಸ್ಸಾದೋನು ಸೋತ, ಅಷ್ಟೇ, ಅದ್ರಿಂದ ಅಲಿ ಟೈಸನ್ ಬಗ್ಗೆ ಏನೂ ಗೊತ್ತಾಗಲ್ಲ.

ಈ ಥರ ವಾದ ಮಾಡೋವಾಗ ಯಾವ ದಿನದ ಅಲಿ, ಯಾವ ದಿನದ ಟೈಸನ್ ಅಂತ ಮೊದ್ಲು ಗೂಟ ಹೊಡ್ಕೋಬೇಕು, ಇಲ್ಲಾಂದ್ರೆ ಮಾವ ಒಂದು ಅಲಿನ ಮನಸ್ಸಲ್ಲಿಟ್ಕೊಂಡು ಮಾತಾಡ್ತಿರ್ತಾರೆ ನೀವು ಇನ್ನೊಂದು ಅಲಿನ ಹೊಡೀತಿರ್ತೀರ. ನಾನು ತಗೊಳ್ಳೋದು 1966ರ ನವೆಂಬರ್ ಅಲಿ, ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನ ಮೂರನೇ ಸುತ್ತಲ್ಲೇ ಮುಗಿಸಿದೋನು, ವಯಸ್ಸು 24. ಮಾರನೇ ವರ್ಷ ಸೈನ್ಯಕ್ಕೆ ಸೇರಲ್ಲ ಅಂದಿದ್ದಕ್ಕೆ ವಿಶ್ವ ಚಾಂಪಿಯನ್ ಪಟ್ಟ ಕಿತ್ಕೊಂಡ್ರು, ಮೂರೂವರೆ ವರ್ಷ ರಿಂಗೇ ಇಲ್ಲ, ವಾಪಸ್ ಬಂದಾಗ ಕಾಲು ಮೊದ್ಲಿನ ಥರ ಇರ್ಲಿಲ್ಲ. ಟೈಸನ್ ಅಂದ್ರೆ 1988ರ ಜೂನ್ ಟೈಸನ್, ಮೈಕೆಲ್ ಸ್ಪಿಂಕ್ಸ್‌ನ 91 ಸೆಕೆಂಡ್‌ನಲ್ಲಿ ಮಲಗಿಸಿದ ಹುಡುಗ, 22 ತುಂಬೋಕೆ ಇನ್ನೂ ಮೂರು ದಿನ ಇತ್ತು.

ಈಗ ಮೈಕಟ್ಟು ನೋಡಿ. ಅಲಿ 6 ಅಡಿ 3 ಇಂಚು, ಟೈಸನ್ 5 ಅಡಿ 10. ಆದ್ರೆ ತೂಕ ಕುಳ್ಳನಿಗೇ ಜಾಸ್ತಿ, ಅಲಿ ಸುಮಾರು 96 ಕೆಜಿ ಟೈಸನ್ ಸುಮಾರು 99. ಎರಡೂ ಕೈ ಚಾಚಿದ್ರೆ ಬೆರಳ ತುದಿಯಿಂದ ಬೆರಳ ತುದಿಗೆ ಅಲಿಗೆ 78 ಇಂಚು, ಟೈಸನ್‌ಗೆ 71. ಏಳು ಇಂಚು ಉದ್ದ ಕೈ ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದು ಎರಡೂ ಕೈ ಎದೆ ಎಲ್ಲಾ ಸೇರಿ, ಒಂದು ಕೈಗೆ ಬರೋದು ಮೂರೂವರೆ ಇಂಚು ಅಷ್ಟೇ.

ಆ ಮೂರೂವರೆ ಇಂಚು ಸಾಕಾ ಅಂತ ಕೇಳಿದ್ರೆ, ಸಾಕು. ನಾನು ಹುಡುಗ ಆಗಿದ್ದಾಗ ತುಮಕೂರಲ್ಲಿ ಒಂದು ಗರಡಿ ಮನೆ ಹಿಂದಿನ ಶೀಟ್ ಶೆಡ್‌ನಲ್ಲಿ ಬಾಕ್ಸಿಂಗ್ ಕಲೀತಿದ್ದೆ. ನಾನು ಕುಳ್ಳ, ನುಗ್ಗಿ ಹೊಡೆಯೋನು. ಒಂದಿನ ನನಗಿಂತ ತಲೆ ಎತ್ತರದ ಹುಡುಗನ ಜೊತೆ ಬಿಟ್ರು. ಅವನ ಎಡಗೈ ಜಾಬ್, ಅಂದ್ರೆ ಮುಂದಿನ ಕೈಯಿಂದ ಚುರುಕಾಗಿ ಬರೋ ನೇರ ಹೊಡೆತ, ನೋವು ಅಂತ ಏನೂ ಆಗ್ಲಿಲ್ಲ, ಆದ್ರೆ ನಾನು ಒಳಗೆ ನುಗ್ಗೋಕೆ ಬಲಗಾಲು ಒತ್ತಿದ ಕ್ಷಣಕ್ಕೇ ಸರಿಯಾಗಿ ಮೂಗಿನ ಮೇಲೆ ಬಂದು ಕೂರ್ತಿತ್ತು, ಕಣ್ಣಲ್ಲಿ ನೀರು, ಕಾಲು ಮತ್ತೆ ಮೊದ್ಲಿಂದ ಜೋಡಿಸ್ಕೋಬೇಕು, ಅಷ್ಟರಲ್ಲಿ ಅವನು ಅಲ್ಲಿಲ್ಲ. ಎರಡನೇ ಸುತ್ತು ಮುಗಿಯೋ ಹೊತ್ತಿಗೆ ನನ್ನ ಎರಡೂ ಗ್ಲೌಸು ಮುಖಕ್ಕೆ ಅಂಟ್ಕೊಂಡಿದ್ವು, ಹೊಡೆಯೋದೇ ಮರೆತೋಗಿತ್ತು. 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಟೈಸನ್‌ಗೆ ಮಾಡಿದ್ದೂ ಅದನ್ನೇ, ಜಾಬ್ ಜಾಬ್ ಜಾಬ್, ಹತ್ತನೇ ಸುತ್ತಲ್ಲಿ ಟೈಸನ್ ನೆಲದ ಮೇಲೆ ಹಲ್ಲು ಕಾಯೋ ಗಮ್‌ಶೀಲ್ಡ್ ಹುಡುಕ್ತಿದ್ದ. ಆ ಟೈಸನ್ 1988ರ ಟೈಸನ್ ಅಲ್ಲ, ಕೋಚ್ ಕೆವಿನ್ ರೂನೀನ ಬಿಟ್ಟಾಗಿತ್ತು, ಹೊಡೆತ ತಪ್ಪಿಸೋಕೆ ತಲೆ ಆಡ್ಸೋದೂ ಕಮ್ಮಿಯಾಗಿತ್ತು, ಒಪ್ತೀನಿ. ಆದ್ರೆ ಒಳ್ಳೇ ಟೈಮಲ್ಲೂ, 1987ರಲ್ಲಿ, ಬೋನ್‌ಕ್ರಷರ್ ಸ್ಮಿತ್ ತಬ್ಕೊಂಡು ತಬ್ಕೊಂಡೇ 12 ಸುತ್ತು ನಿಂತ, ಟೋನಿ ಟಕ್ಕರ್ ಕೂಡ 12 ಸುತ್ತು ನಿಂತ. ಎತ್ತರದೋರು ಹೆದರದೆ ಕುತ್ತಿಗೆಗೆ ಕೈ ಹಾಕಿ ತಬ್ಕೊಂಡ್ರೆ ಟೈಸನ್ ಕೈ ಕಟ್ಟೋಗ್ತಿತ್ತು. ಹಂಗೆ ಕತ್ತು ಹಿಡಿಯೋದ್ರಲ್ಲಿ ಅಲಿ ಮೇಷ್ಟ್ರು, 1974ರಲ್ಲಿ ಫ್ರೇಜಿಯರ್ ಜೊತೆ ಎರಡನೇ ಫೈಟ್ ನೋಡಿ ಗೊತ್ತಾಗುತ್ತೆ.

ನಿಮ್ಮ ಪರವಾಗಿಯೂ ಒಂದು ಹೇಳ್ಬೇಕು, ಅದು ದೊಡ್ಡದೇ. ಅಲಿ ಎಡಗೈ ಹುಕ್‌ಗೆ, ಅಂದ್ರೆ ಪಕ್ಕದಿಂದ ಬಳಸಿ ಬರೋ ಹೊಡೆತಕ್ಕೆ, ಬೀಳ್ತಿದ್ದ. ಕೈ ಕೆಳಗಿಟ್ಕೊಂಡು ತಲೆ ಹಿಂದಕ್ಕೆ ಎಳ್ಕೊಂಡು ತಪ್ಪಿಸ್ಕೊಳ್ಳೋ ಅಭ್ಯಾಸ, ಹಂಗೆ ಮಾಡೋನಿಗೆ ಹುಕ್ಕೇ ಯಮ. 1963ರಲ್ಲಿ ಲಂಡನ್‌ನಲ್ಲಿ ಹೆನ್ರಿ ಕೂಪರ್ ನಾಲ್ಕನೇ ಸುತ್ತಿನ ಕೊನೇಲಿ ಬೀಳಿಸಿದ, ಬೆಲ್ ಹೊಡೀದೇ ಇದ್ದಿದ್ರೆ ಕಥೆ ಬೇರೆ ಇರ್ತಿತ್ತು. 1971ರಲ್ಲಿ ಫ್ರೇಜಿಯರ್ 15ನೇ ಸುತ್ತಲ್ಲಿ ಬೀಳಿಸಿದ. ಎರಡೂ ಎಡಗೈ ಹುಕ್. ಟೈಸನ್ ಹುಕ್ ಇವರಿಬ್ಬರಿಗೂ ಕಮ್ಮಿ ಏನಲ್ಲ, ಅದೂ ಒಂದರ ಹಿಂದೆ ಒಂದು ಬರುತ್ತೆ. ಮೊದಲ ನಾಲ್ಕು ಸುತ್ತು ನಾನೇ ರಿಂಗ್ ಪಕ್ಕ ಕೂತಿದ್ರೂ ಉಸಿರು ಬಿಗಿ ಹಿಡ್ಕೊಂಡೇ ಕೂತಿರ್ತಿದ್ದೆ. ಆದ್ರೆ ಕೂಪರ್ ಬೀಳಿಸಿದ ಮುಂದಿನ ಸುತ್ತಲ್ಲೇ ಅಲಿ ಗೆದ್ದ, ಫ್ರೇಜಿಯರ್ ಹೊಡೆದಾಗ ಆ ಸುಸ್ತಲ್ಲೂ ಕ್ಷಣದಲ್ಲಿ ಎದ್ದು ನಿಂತ. ಟೈಸನ್ ಕೆಳಗೆ ಬಿದ್ದು ಎದ್ದು ಗೆದ್ದಿದ್ದು ಒಂದೂ ಇಲ್ಲ, ನನಗೆ ಇದೇ ತೂಕದ ಮಾತು.

ಇನ್ನು ರೂಲ್ಸು. ಅಲಿ ಕಾಲಕ್ಕೆ ಪಟ್ಟದ ಫೈಟ್ 15 ಸುತ್ತು. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ 14ನೇ ಸುತ್ತಲ್ಲಿ ಬಿದ್ದು ಆಮೇಲೆ ಜೀವನೇ ಹೋಯ್ತು, ಅದಾದ್ಮೇಲೆ 12ಕ್ಕೆ ಇಳಿಸ್ತಾ ಬಂದ್ರು. 15 ಸುತ್ತಾದ್ರೆ ಅಲಿಗೆ ಅನುಕೂಲ, 12 ಆದ್ರೂ ಅಲಿನೇ ಅಂತೀನಿ, ಒಂಬತ್ತು ಹತ್ತರ ಮೇಲೆ ಟೈಸನ್ ನುಗ್ಗೋದು ನಿಂತು ರೆಫರಿ ನಿಲ್ಲಿಸ್ತಾನೆ, ಇಲ್ಲ ಪಾಯಿಂಟ್ಸ್ ಮೇಲೆ ಅಲಿ ಗೆಲುವು. ರೆಫರಿ ಕತ್ತು ಹಿಡಿಯೋಕೆ ಬಿಡದೆ ಪ್ರತಿ ಸಲ ಪಾಯಿಂಟ್ ಕಿತ್ರೆ ಮಾತ್ರ ನಾನು ಇಷ್ಟು ಗಟ್ಟಿಯಾಗಿ ಹೇಳಲ್ಲ. ಬಿಲ್ ನೀವೇ ಕೊಡಿ, ಮಾವನಿಗೆ ನನ್ನ ನಮಸ್ಕಾರ ಹೇಳಿ.

ಪ್ರಶ್ನೆ: ಇಷ್ಟೆಲ್ಲ ವಾದ ಯಾಕೆ, ಎಲ್ಲಾ ಲೆಕ್ಕ ಕಂಪ್ಯೂಟರ್‌ಗೆ ಹಾಕಿದ್ರೆ ಅದೇ ಹೇಳಲ್ವಾ?
– ಒಬ್ಬ ಓದುಗರು, ಬಂಗಾರಪೇಟೆ

ಉತ್ತರ: ಹಾಕಿ ನೋಡಿದಾರೆ. 1969ರಲ್ಲಿ ಅಲಿನ, 49 ಫೈಟಲ್ಲಿ 49 ಗೆದ್ದು ರಿಟೈರ್ ಆಗಿದ್ದ ರಾಕಿ ಮಾರ್ಸಿಯಾನೋನ ಕರೆಸಿ ನಿಜವಾದ ರಿಂಗಲ್ಲೇ ಶೂಟಿಂಗ್ ಮಾಡಿದ್ರು. ಬೇರೆ ಬೇರೆ ಥರ ಮುಗಿಯೋ ಹಂಗೆ ತೆಗೆದು, ಕಂಪ್ಯೂಟರ್ ಹೇಳಿದ್ದನ್ನ ಜೋಡಿಸಿ 1970ರ ಜನವರಿಲಿ ಥಿಯೇಟರ್‌ಗೆ ಬಿಟ್ರು. ಮಾರ್ಸಿಯಾನೋ ಅದಕ್ಕೋಸ್ಕರ 20 ಕೆಜಿ ಮೇಲೆ ತೂಕ ಇಳಿಸಿದ್ದ, ಪಾಪ ರಿಲೀಸ್ ಆಗೋ ಮುಂಚೆನೇ ವಿಮಾನ ಅಪಘಾತದಲ್ಲಿ ತೀರ್ಕೊಂಡ, 46 ತುಂಬೋ ಹಿಂದಿನ ದಿನ. ಅಮೆರಿಕದಲ್ಲಿ ತೋರಿಸಿದ್ರಲ್ಲಿ 13ನೇ ಸುತ್ತಲ್ಲಿ ಮಾರ್ಸಿಯಾನೋ ನಾಕೌಟ್ ಮಾಡಿ ಗೆದ್ದ, ಯುರೋಪಲ್ಲಿ ತೋರಿಸಿದ್ರಲ್ಲಿ ಅಲಿ ಗೆದ್ದ. ಅದೇ ಇಬ್ರು, ಅದೇ ಶೂಟಿಂಗು. ಲೆಕ್ಕ ಹಾಕೋನು ಯಾವುದಕ್ಕೆ ಎಷ್ಟು ಮಾರ್ಕ್ಸ್ ಕೊಡ್ತಾನೋ ಅದೇ ಉತ್ತರ ಹೊರಗೆ ಬರೋದು, ಇವತ್ತಿನ ಮೊಬೈಲ್ ಆ್ಯಪ್‌ಗೂ ಅಷ್ಟೇ.

ಪ್ರಶ್ನೆ: ಮೇರಿ ಕೋಮ್, ನಿಖತ್ ಜರೀನ್ ಇಬ್ರೂ ಒಳ್ಳೇ ಫಾರ್ಮಲ್ಲಿ ಎದುರಾದ್ರೆ ಯಾರು? ಹುಡುಗೀರ ಬಗ್ಗೆ ಯಾರೂ ಈ ಥರ ವಾದಾನೇ ಮಾಡಲ್ಲ.
– ಕಾಲೇಜು ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ನಿಮ್ಮ ಮಾತು ನಿಜ ತಾಯಿ, ನಾವು ಗಂಡಸ್ರು ಅಲಿ ಟೈಸನ್ ಅಂತಲೇ ಕೂತಿದೀವಿ. ಇವರಿಬ್ರೂ ನಿಜವಾಗ್ಲೂ ಎದುರಾಗಿದಾರೆ, 2019ರ ಡಿಸೆಂಬರ್‌ನಲ್ಲಿ ಒಲಿಂಪಿಕ್ ಕ್ವಾಲಿಫೈಯರ್ ಟ್ರಯಲ್ಸ್, 37 ವರ್ಷದ ಮೇರಿ 23ರ ನಿಖತ್‌ನ 9-1ರಿಂದ ಸೋಲಿಸಿದ್ರು. ಆದ್ರೆ ನಿಖತ್ ಆಮೇಲೆ ಅಲ್ವಾ ಬೆಳೆದಿದ್ದು, 2022, 2023 ಎರಡು ವರ್ಷನೂ ವಿಶ್ವ ಚಾಂಪಿಯನ್. ಮೇರಿ ಆರು ಸಲ ವಿಶ್ವ ಚಾಂಪಿಯನ್, ಆದ್ರೆ ಆ ಚಿನ್ನ ಎಲ್ಲಾ 45ರಿಂದ 48 ಕೆಜಿ ತೂಕದ ವಿಭಾಗಗಳ ಒಳಗೆ, ನಿಖತ್ ಗೆದ್ದಿದ್ದು 52 ಮತ್ತೆ 50ರಲ್ಲಿ. 48 ಕೆಜಿಗೆ ಇಳಿದು ಆಡಿದ್ರೆ ಮೇರಿ. 52ರಲ್ಲಿ ಆಡಿದ್ರೆ 2022ರ ನಿಖತ್, ಅವರ ಎತ್ತರ, ದೂರದಿಂದ ಬರೋ ಬಲಗೈ ನೇರ ಹೊಡೆತ ಮೇರಿಗೆ ಕಷ್ಟ ಕೊಡುತ್ತೆ. 50ರಲ್ಲಿ ಅಂತ ಕೇಳಿದ್ರೆ ಮೂರು ಸುತ್ತೂ ನೋಡ್ದೇ ಹೇಳೋಕಾಗಲ್ಲ, ನೀವೇ ನಿಮ್ಮ ಗೆಳತೀರ ಜೊತೆ ಕೂತು ಇಬ್ಬರ ಫೈಟ್ ವಿಡಿಯೋ ಹಾಕ್ಕೊಂಡು ಸುತ್ತು ಸುತ್ತಿಗೂ ಮಾರ್ಕ್ಸ್ ಹಾಕಿ ಬರೆದು ಕಳಿಸಿ.